ಒಂದರಿಂದ

ನಲೈಖ್‌ನ ಕಲ್ಲಿದ್ದಲ ಲಾರಿಯ ಲುವ್ಸನ್‌ದೋರ್ಜ್
ಇಂಜಿನ್ನು ಬಿಸಿಯಾಗುವವರೆಗೆ ಕಣ್ಣು ಮುಚ್ಚಿ
ಉಸಿರು ಎಣಿಸುತ್ತಾನೆ. ಗಾಜಿನ ಒಳಮೈಗೂ ಹಿಮ.

ಏಳಕ್ಕೆ ತಪ್ಪುತ್ತದೆ. ಯಾವಾಗಲೂ ಏಳಕ್ಕೇ—
ವೋಡ್ಕಾದ ಮುಚ್ಚಳ ತಿರುವಿದ ಸದ್ದು.

ತಪ್ಪಿದರೆ ಬೈದುಕೊಳ್ಳಬೇಡ,
ಮತ್ತೆ ಒಂದರಿಂದ ಹಿಡಿ, ಅಂದಿದ್ದಳು
ಮುದುಕಿ ಸನ್ಯಾಸಿನಿ, ಮೂಗು ಒರೆಸಿಕೊಳ್ಳುತ್ತ.
ಧರ್ಮ ಅಂದರೆ ಇಷ್ಟೇನಾ, ಅಂತ ನಕ್ಕಿದ್ದ.

ನೂರಹನ್ನೊಂದು ದಿನ ಮುಟ್ಟದವನು
ತಮ್ಮನ ಮದುವೆಯಲ್ಲಿ ಕುಡಿದುಬಿಟ್ಟ.
ಮರುದಿನ ಹೆಂಡತಿ ಮಾತಾಡಲಿಲ್ಲ,
ಒಲೆಗೆ ಕಲ್ಲಿದ್ದಲು ಸುರಿದಳು, ಸದ್ದು ಮಾಡಿ.
ಕ್ಯಾಲೆಂಡರಿನೆದುರು ಬಹಳ ಹೊತ್ತು ನಿಂತು
ಅವನು ಬರೆದ:
ಒಂದು.

ಆಮೇಲೆ ಹೊರಬಂದು, ಹಿಂದೆ ಹೆಂಡಕ್ಕೆ ಅದ್ದುತ್ತಿದ್ದ
ಉಂಗುರದ ಬೆರಳನ್ನು ಹಾಲಿಗೆ ಅದ್ದಿ
ಆಕಾಶಕ್ಕೊಂದು ಹನಿ ಚಿಮ್ಮಿಸಿದ.
ಬೆರಳು
ತಾನಾಗಿಯೇ ಮೂಗಿನ ಬಳಿ ಬಂತು.