ಅರವತ್ತೊಂದು ದಿನ

ಜೂನ್ ಒಂದಕ್ಕೆ ಕಡಲಿನ ಬಾಗಿಲು ಹಾಕಿತು.
ಮಲ್ಪೆಯ ದಕ್ಕೆಯಲ್ಲಿ ಬೋಟುಗಳು
ಮೈಗೆ ಮೈ ತಾಗಿಸಿ ನಿಂತಿವೆ.
ಒಂದರ ಟಯರು ಇನ್ನೊಂದರ ಪಕ್ಕೆಗೆ ಉಜ್ಜಿ
ರಾತ್ರಿಯಿಡೀ ಕುಂಯ್‌ಗುಡುತ್ತವೆ.
ಇನ್ನು ಅರವತ್ತೊಂದು ದಿನ
ಯಾರೂ ಹೊರಡುವ ಹಾಗಿಲ್ಲ.
ನಾನೂ.

ಕಾಲೇಜಿನವರು ಕೊಟ್ಟದ್ದು ಅಷ್ಟಿಲ್ಲ.
ಅರ್ಜಿಗೆ ಕೊನೆಯ ದಿನ ಜೂನ್ ಇಪ್ಪತ್ತು,
ದಂಡ ಕಟ್ಟಿದರೆ ಇಪ್ಪತ್ತೇಳು.
ಬಿ.ಕಾಂ. ಎಂದು ಅಮ್ಮ ಹೇಳಿಯಾಗಿದೆ.
ಹೇಳುವಾಗ ಅವಳ ಕೈ ಒಣಮೀನಿನ ತಲೆ ಮುರಿಯುತ್ತಿತ್ತು:
"ವಾಸನೆ ಇಲ್ಲದ ಕೆಲಸ ಹಿಡಿ ಮಗಾ,
ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗದಂಥದ್ದು."

ಆದಿಉಡುಪಿಗೆ ಬುಟ್ಟಿ ಹೊತ್ತು ಇಪ್ಪತ್ತೆರಡು ವರ್ಷ
ಅವಳ ಪಕ್ಕದ ಸೀಟು ಖಾಲಿ.
ಇದಕ್ಕೆ ಎದುರು ಹೇಳಲು
ನನ್ನಲ್ಲಿ ಮಾತಿಲ್ಲ.

ಆದರೆ ಸಂಜೆ ಮಾವ ಕರೆಯುತ್ತಾನೆ.
ಶೀನಮಾವ, ಏಳನೆಯ ಪರೀಕ್ಷೆಗೆ ಎರಡು ಸಲ ಕೂತವನು,
ನಿಷೇಧದ ಎರಡು ತಿಂಗಳು
ಇಡೀ ದಕ್ಕೆಗೆ ಅವನೇ ಡಾಕ್ಟರು.
ಇಂಜಿನಿನ ಅಡಿಗೆ ನುಸುಳಿ ಅವನು ಮಲಗುತ್ತಾನೆ,
ಮೇಲಿನಿಂದ ನಾನು ಟಾರ್ಚ್ ಹಿಡಿಯುತ್ತೇನೆ.
ಆರನೇ ಕ್ಲಾಸಿನಿಂದ ಇದು ನನ್ನದು.
ಎಲ್ಲಿ ಬೆಳಕು ಬೇಕೆಂದು ಅವನೀಗ ಹೇಳುವುದಿಲ್ಲ.
ಹದಿನೇಳರ ಸ್ಪಾನರೋ ಹತ್ತೊಂಬತ್ತರದೋ
ಅಂಗೈ ಚಾಚುವ ಬಗೆಯಲ್ಲೇ ತಿಳಿಯುತ್ತದೆ.

ಕಳೆದ ವಾರ ಹೆಡ್ಡು ಬಿಗಿಯುವಾಗ
ಎಣ್ಣೆ ಕುಡಿದ ಕೈಪಿಡಿ ತೆರೆದು ಓದಿದೆ:
ಇಷ್ಟು ಬಲ, ಈ ಸರದಿ, ನಡುವಿನಿಂದ ಹೊರಕ್ಕೆ.
ಮಾವ ಇಷ್ಟು ವರ್ಷ ಬಿಗಿದದ್ದು ಅದೇ ಸರದಿ.
"ಪುಸ್ತಕಕ್ಕೂ ಗೊತ್ತುಂಟಾ?" ಅಂದ.
ನಕ್ಕೆವು. ಆಮೇಲೆ ಅವನು
ಚಿತ್ರವಿಲ್ಲದ ಪುಟಗಳಲ್ಲಿ ನಿಲ್ಲದೆ
ತುಸು ಹೊತ್ತು ಅದನ್ನು ತಿರುವಿದ.
"ನನಗೆ ಗೊತ್ತಿಲ್ಲದ್ದು ಇದರಲ್ಲಿ ಎಷ್ಟುಂಟು?"
ನಾನು ಲೆಕ್ಕ ಹಾಕಿ ಹೇಳಲಿಲ್ಲ.

ರೆನಿಟಾ ಬಿಸಿಎ ಸೇರಿಯಾಯಿತು.
ಯಾಕೆ ಅಂದರೆ, ಎಲ್ಲರೂ ಸೇರುತ್ತಾರಲ್ಲ ಅಂದಳು.
ಕೊಡವೂರಿನ ಯಶಿಕಕ್ಕ ಬಿ.ಕಾಂ. ಮುಗಿಸಿ
ಕಲ್ಸಂಕದ ಮೊಬೈಲ್ ಅಂಗಡಿಯಲ್ಲಿ
ಗ್ಲಾಸು ಅಂಟಿಸುತ್ತಾಳೆ, ತಿಂಗಳಿಗೆ ಹನ್ನೊಂದು ಸಾವಿರ.
ಅವಳನ್ನು ನಾನು ವಾದಕ್ಕೆಂದು ತೆಗೆದಿಟ್ಟುಕೊಂಡಿದ್ದೆ.
ಆದರೆ ಮೊನ್ನೆ ಸೊಸೈಟಿಯಲ್ಲಿ
ಅಮ್ಮನ ಸಾಲದ ಕಾಗದ ಪೂರ್ತಿ ಓದಿ
"ಈ ಬಡ್ಡಿ ತಪ್ಪು" ಎಂದು ಅವಳು ಬೆರಳಿಟ್ಟಾಗ
ಕೌಂಟರಿನ ಹಿಂದಿನವರು ಎದ್ದರು.
ಬಸ್ಸಿನಲ್ಲಿ ಏಳುವ ಹಾಗಲ್ಲ.
ವಾದವೂ ನನ್ನ ಬಳಿ ಉಳಿಯಲಿಲ್ಲ.

ಜೂನ್ ಹತ್ತೊಂಬತ್ತು. ಅರ್ಜಿ ತುಂಬಿದೆ.
ವಿನ್ಯಾ ಮೆಂಡನ್. ಶೇಕಡಾ ಎಪ್ಪತ್ತೊಂದು.
ಹವ್ಯಾಸ ಎಂದೊಂದು ಖಾನೆ.
ಏನು ಬರೆಯಲಿ ಎಂದು ಕಾಗದ ಒತ್ತಿ ಕೂತಿದ್ದಕ್ಕೆ
ಸೋಪಿಗೂ ಹೋಗದ ಗ್ರೀಸು
ಅಲ್ಲಿ ಹೆಬ್ಬೆಟ್ಟಿನ ಅಚ್ಚು ಬಿಟ್ಟಿತು.
ಹವ್ಯಾಸ ಅಲ್ಲವಲ್ಲ ಅದು, ಎಂದುಕೊಂಡೆ.
ಹಾಗಾದರೆ ಏನು?

ಸಂಜೆ ಬೋಟಿನಲ್ಲಿ ಕೇಳಿಯೇ ಬಿಟ್ಟೆ:
"ಮಾವ, ಇನ್ನು ನನಗೆ ಸಂಬಳ ಬೇಕು."
ಇಂಜಿನಿನಡಿಯಿಂದ ಸದ್ದಿಲ್ಲ.
ತಾಡಪಾಲಿನ ಮೇಲೆ ಮಳೆ ಏನನ್ನೋ ಎಣಿಸುತ್ತಿತ್ತು.
ಮೇಲೆ ಬಂದ. ಕೈ ಒರೆಸಿದ. ಒರೆಸಿದ್ದೇ ಒರೆಸಿದ.
"ಟಾರ್ಚಿಗೆ ಯಾರು ಸಂಬಳ ಕೊಡ್ತಾರೆ ಮಾರಾಯ್ತಿ"
ಎನ್ನುತ್ತಾ ಅದನ್ನು ನನ್ನ ಕೈಯಿಂದ ತಗೊಂಡ,
ಗೇಣಷ್ಟು ಸರಿದು ಜಾಗ ಬಿಟ್ಟ.

ಇಳಿದೆ.
ಬೆಳಕು ಬೇರೆಯವರ ಕೈಯಲ್ಲಿದ್ದರೆ
ಒಂದು ಬೋಲ್ಟು ಎಷ್ಟು ದೂರ!
"ಎಡಕ್ಕೆ" ಅಂದೆ. "ಇನ್ನೂ ಎಡಕ್ಕೆ."
ಮಾವನಿಗೆ ಹಿಡಿಯಲು ಬರುವುದೇ ಇಲ್ಲ.

ಬ್ಯಾಟರಿ ಪೆಟ್ಟಿಗೆಯ ಮೇಲೆ
ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಅರ್ಜಿ ಅಲ್ಲೇ ಉಂಟು.
ನಾಳೆ ಕೊನೆಯ ದಿನ.
ದಂಡದ ಮುನ್ನೂರು ರೂಪಾಯಿ
ಮೊದಲ ಸಂಬಳದಲ್ಲಿ ಹುಟ್ಟುತ್ತದೋ
ನೋಡಬೇಕು.