ಏಳು, ಹತ್ತು

ಟೊಲೀಡೊ. ಗುರುವಾರ ರಾತ್ರಿ, ಹದಿನಾಲ್ಕನೇ ಲೇನು.
ಬಾಡಿಗೆ ಬೂಟಿನೊಳಗೆ ಯಾರದೋ ಕಾಲಿನ ಬಿಸಿ ಇನ್ನೂ.
"ಎಷ್ಟು ದಿನ ಬೇಕು, ತಕ್ಕಮಟ್ಟಿಗೆ ಕಲಿಯಲು?" ಎಂದೆ.
ಲೊರೇನ್ ಷಿಮಾನ್ಸ್ಕಿ
ಹೆಬ್ಬೆರಳು ತೋರಿಸಿದಳು:
ಚೆಂಡಿನ ತೂತಿಗೆ ಉಜ್ಜಿ ಉಜ್ಜಿ
ಒಣಕೊಬ್ಬರಿಯಾದ ಚರ್ಮ,
ಮೂವತ್ತೊಂದು ಚಳಿಗಾಲ.

ಹಲಗೆಗೆ ಎಣ್ಣೆ ಬಳಿದಿರುತ್ತಾರಂತೆ, ಕಾಣಿಸದು.
ಎಣ್ಣೆ ಬಂದಾಗ ಕಣ್ಣು ಮುಚ್ಚಿದವಳು ನಾನು;
ನನ್ನ ಚೆಂಡಿಗೆ ಚರಂಡಿಯೇ ತವರು.

ಮಾರ್ಚಿಗೆ ನೂರು ದಾಟಿತು.
ಏಪ್ರಿಲಿಗೆ ಮತ್ತೆ ಎಪ್ಪತ್ತು.

ಮೊನ್ನೆ ಲೊರೇನಳಿಗೂ ಎರಡು ಪಿನ್ನು ಉಳಿದವು,
ಆ ತುದಿಗೊಂದು, ಈ ತುದಿಗೊಂದು,
ಮಾತು ಬಿಟ್ಟ ವಾರಗಿತ್ತಿಯರ ಹಾಗೆ.
ಚೆಂಡು ನಟ್ಟನಡುವೆ
ಯಾರನ್ನೂ ಸೋಕದೆ ಹೋಯಿತು.

ಬೆವರಿದ ಅಂಗೈ ಗಾಳಿಗೊಡ್ಡಿ ಅಂದಳು:
"ಇದು ನನಗಿನ್ನೂ ಒಲಿದಿಲ್ಲ.
ಏಳು, ನಿನ್ನ ಸರದಿ."