ಬಲಗುಂಡಿ

ತೀನ್ ಕಂದೀಲಿನ ಹತ್ತಿರ, ಛತ್ರಿ ರಿಪೇರಿ ಅಂಗಡಿಯ ಮೇಲೆ
ಈರಪಯ್ಯನ ನೆಟ್ ಸೆಂಟರಿನಲ್ಲಿ ಏಳು ಮಿಷನ್ನು.
ನನಗೆ ಯಾವಾಗಲೂ ಆರನೆಯದು.
ತಾಸಿಗೆ ಐದು ರೂಪಾಯಿ ಕಡಿಮೆ,
ಯಾಕಂದರೆ ಅದರ ಮೌಸಿನ ಬಲಗುಂಡಿ ಸತ್ತಿತ್ತು.

ಎಡಗುಂಡಿ ಒತ್ತಿ ಎಳೆದರೆ
ನೆಲದ ಮೇಲೆ ಹಸಿರು ಗೆರೆಯ ಚೌಕ ಬೆಳೆಯುತ್ತಿತ್ತು,
ಒಳಗೆ ಬಿದ್ದವರೆಲ್ಲ ನನ್ನವರು:
ಈಟಿಯವರು, ಬಿಲ್ಲಿನವರು, ಕಟ್ಟಿಗೆ ಕಡಿಯುವ ಒಬ್ಬ
(ಅವನು ಯಾಕೆ ಸಿಕ್ಕಿಬಿದ್ದನೋ).
ಕಾಲಡಿ ಬಳೆಯಂಥ ಬೆಳಕು ಹೊತ್ತಿಸಿಕೊಂಡು
'ಅಪ್ಪಣೆ' ಎನ್ನುತ್ತಿದ್ದರು, ಯಾವುದೋ ಸೀಮೆಯ ಭಾಷೆಯಲ್ಲಿ.
ಅಪ್ಪಣೆ ಕೊಡುವ ಗುಂಡಿಯೇ ಇಲ್ಲ.

ಪಕ್ಕದ ಮಿಷನ್ನಿನಲ್ಲಿ ಮೌಲಾಲಿ
ಟಕಟಕ ಬಲಗುಂಡಿ ಬಡಿದು ದಂಡನ್ನು ಹೊಳೆ ದಾಟಿಸುತ್ತಿದ್ದ.
ಕುದುರೆಗಳಿಗೆ ಒಂದು, ಬಿಲ್ಲಿಗೆ ಎರಡು ಅಂತ ಅಂಕಿ ಕಟ್ಟಿದ್ದ,
ಅಂಕಿ ಮುಟ್ಟಿದರೆ ಸಾಕು, ಎಲ್ಲಿದ್ದರೂ ಎದ್ದು ನಿಲ್ಲುವರು.
ಒಂದೇ ಜಾಗಕ್ಕೆ ಹತ್ತು ಸಲ ಬಡಿಯುತ್ತಿದ್ದ,
ಬಡಿದಷ್ಟೂ ಬೇಗ ನಡೆದಾರು ಎಂಬಂತೆ.

"ಅಳಬ್ಯಾಡಲೇ, ಕೆಳಗ ಮೂಲ್ಯಾಗ ನೋಡು" ಅಂದ ಈರಪಯ್ಯ,
"ಬೂಟಿನ ಚಿತ್ರ ಐತಿ. ಅದನ್ನ ಒತ್ತು, ಆಮ್ಯಾಲೆ ನೆಲ ಒತ್ತು."

ಹಾಗೆ ನನ್ನ ದಂಡಿನ ಪ್ರತಿ ನಡೆಗೂ
ನಾನು ಪರದೆಯ ತಳಕ್ಕಿಳಿದು ಬೂಟು ತರಬೇಕು.
ಹೋಗಿ ಬರುವುದರೊಳಗೆ ಇಬ್ಬರು ಸತ್ತಿರುತ್ತಿದ್ದರು.
ಅಪ್ಪಣೆ ತುಟ್ಟಿಯಾಯಿತು. ಕಡಿಮೆ ಕೊಟ್ಟೆ.
ಕೊಡದ ಹೊತ್ತಿನಲ್ಲಿ ಅವರನ್ನು ನೋಡಿದೆ.
ಸೇತುವೆ ಇಕ್ಕಟ್ಟಾದರೆ ಒಬ್ಬರನ್ನೊಬ್ಬರು ನೂಕುವರು,
ಜಾಗ ಸಿಗದವ ಹೊಳೆಗುಂಟ ಸುತ್ತುಹಾದಿ ಹಿಡಿದು
ನೆಟ್ಟಗೆ ವೈರಿಯ ಬಾಗಿಲಿಗೆ ಹೋಗುವನು, ಒಬ್ಬನೇ.
ಕಟ್ಟಿಗೆಯವ ಗೋಡೆಯ ಮೂಲೆಗೆ ಮುಖ ಹಚ್ಚಿ
ನಿಂತಲ್ಲೇ ನಡೆಯುತ್ತಿದ್ದ.
ಆಟ ಮುಗಿಯುವ ತನಕ ನಡೆದ.

ಬೂಟಿನ ಪಕ್ಕ ಇನ್ನೊಂದು ಚಿತ್ರ, ಬಿಚ್ಚಿದ ಅಂಗೈ.
ಅದನ್ನು ಯಾರೂ ಒತ್ತಿದ್ದು ನಾ ಕಾಣೆ.
"ನಿಲ್ಲಸೂದು ಅದು" ಅಂದ ಮೌಲಾಲಿ ತಲೆಯೆತ್ತದೆ,
"ನಿಲ್ಲಿಸಿ ಏನ್ ಮಾಡ್ತಿ?"

ರಾಜೇಂದ್ರ ಗಂಜಿನ ಹಿಂದೆ ಹತ್ತಿ ಮಿಲ್ಲಿಗೆ
ಅವ್ವನ ಬುತ್ತಿ ಒಯ್ದಾಗ ಒಮ್ಮೆ ಕಂಡಿದ್ದೆ:
ಮುಕಾದಮ ಕಟ್ಟೆಯ ಮೇಲಿಂದ ಗಾಳಿಯಲ್ಲಿ ಕೈ ಎಳೆದ,
ಈ ಕಂಬದಿಂದ ಆ ತಕ್ಕಡಿಯ ತನಕ.
ಕೂತ ಹೆಂಗಸರು ಸೆರಗಿನ ಅರಳೆ ಕೊಡವಿ ಎದ್ದರು.
ಅಂಚಿಗೆ ಸಿಕ್ಕ ಒಬ್ಬಾಕೆ, ಎಲೆಗೆ ಸುಣ್ಣ ಹಚ್ಚುತ್ತಿದ್ದವಳು,
"ನಾನೂ ಏನ್ರಿ?" ಅಂದಳು.
ಅವನ ಕೈ ಆಗಲೇ ಬೇರೆ ಕಡೆ.
ಎಲೆ ಬಾಯಿಗೆ ಹಾಕಿಕೊಂಡು ಆಕೆಯೂ ನಡೆದಳು.
ಅವಳು ಅವ್ವ ಅಲ್ಲ. ಅವ್ವ ಮುಂದಿದ್ದಳು.

ಒಂದು ಮಧ್ಯಾಹ್ನ, ನಾನು ಸೋಲುತ್ತಿರುವಾಗ, ಕರೆಂಟು ಹೋಯಿತು.
ಶಕ್ತಿನಗರದ ಹೊಗೆ ನಮಗೆ, ಬೆಳಕು ಯಾರಿಗೋ.
ಯುಪಿಎಸ್ಸು ಕೀಂ ಕೀಂ ಅಂದು ಸುಮ್ಮನಾಯಿತು.
ಇಬ್ಬರೂ ಕೋಟೆಯ ಕಡೆ ಹೋದೆವು.

ಗೋಡೆಯೊಳಗೆ ಉದ್ದಕ್ಕೆ ಮಲಗಿದ ಆ ಒಂದೇ ಕಲ್ಲು,
ಮೈತುಂಬ ಅಕ್ಷರ. ಅದರ ಬಲಕ್ಕೆ ಗೀರಿದ ಚಿತ್ರದಲ್ಲಿ
ಅದೇ ಕಲ್ಲು ಬಂಡಿಯ ಮೇಲೆ. ಮುಂದೆ ಕೋಣಗಳ ಸಾಲು,
ಹೊಡೆಯುವವರು, ಗಾಲಿಗೆ ಸನ್ನೆಗೋಲು ಕೊಟ್ಟವರು.

ಏಳು ನೂರು ವರ್ಷ.
ಕಲ್ಲು ಯಾವತ್ತೋ ಗೋಡೆ ಸೇರಿದೆ,
ಮಗ್ಗುಲಲ್ಲೇ ಇದೆ.
ಎಳೆಯುವವರಿಗೆ ಯಾರೂ ಹೇಳಿಲ್ಲ.

ಮೌಲಾಲಿ ಕೋಣ ಎಣಿಸುತ್ತಿದ್ದ, ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ.
ನಾನು ಸನ್ನೆಗೋಲಿನವನ ಮೇಲೆ ಅಂಗೈ ಬಿಚ್ಚಿ ಇಟ್ಟೆ.
ಏಪ್ರಿಲ್ಲಿನ ಕಲ್ಲು, ಚುರ್ ಅಂತು.
ಎಷ್ಟು ಹೊತ್ತು ಒತ್ತಬೇಕೋ ಗೊತ್ತಿರಲಿಲ್ಲ,
ತೆಗೆದುಬಿಟ್ಟೆ.